ಮಾತು ಬಿಟ್ಟ ಶಿಕ್ಷಕರು: ಶಾಲೆಯೊಳಗಿನ ಸಂಘರ್ಷ, ಅದರ ಕಾರಣ, ಅದರ ನಿರ್ವಹಣೆ

ಸರ್ಕಾರಿ ಶಾಲೆಯ ಶಿಕ್ಷಕರ ನಡುವೆ ಜಗಳವಾದರೆ ಅದು ದಾಖಲೆಯಲ್ಲಿ ಜಗಳವೆಂದು ಕಾಣಿಸುವುದು ಅಪರೂಪ. ಮುಖ್ಯ ಶಿಕ್ಷಕರು ಕೊಟ್ಟ ನೋಟಿಸು, ಅದಕ್ಕೆ ಬರೆದ ಸಮಜಾಯಿಷಿ, ಮೇಲಿಂದ ಮೇಲೆ ಹಾಕಿದ ರಜೆ ಅರ್ಜಿ, ಕೊನೆಗೊಂದು ವರ್ಗಾವಣೆ ಕೋರಿಕೆ, ಹೀಗೆ ಬೇರೆ ಬೇರೆ ಹೆಸರಿನಲ್ಲಿ ಅದು ಕಡತ ಸೇರುತ್ತದೆ. ಊರಿನವರಿಗೆ ಮಾತ್ರ ನಿಜಸಂಗತಿ ಗೊತ್ತಿರುತ್ತದೆ: ಆ ಸರ್‌ಗೂ ಈ ಮೇಡಂಗೂ ಮಾತಿಲ್ಲ. ಮಕ್ಕಳಿಗೆ ಊರಿಗಿಂತ ಮೊದಲೇ ತಿಳಿದಿರುತ್ತದೆ. ಒಬ್ಬರು ಇನ್ನೊಬ್ಬರಿಗೆ ಹೇಳಬೇಕಾದ್ದನ್ನು ಹೇಳಿಕಳುಹಿಸುವುದು ಆರನೇ ತರಗತಿಯ ಹುಡುಗನ ಕೈಯಲ್ಲೇ ತಾನೆ.

ಈ ಮುನಿಸು ಎಲ್ಲಿಂದ ಹುಟ್ಟುತ್ತದೆ ಎಂಬುದಕ್ಕೆ ಸುಮಾರು ನೂರು ವರ್ಷಗಳಿಂದ ಬೇರೆ ಬೇರೆ ಉತ್ತರಗಳು ಬಂದಿವೆ. ಮನಃಶಾಸ್ತ್ರದವರು ವ್ಯಕ್ತಿಯನ್ನು ನೋಡಿದರು, ಸಮಾಜಶಾಸ್ತ್ರದವರು ಸಂಸ್ಥೆಯ ರಚನೆಯನ್ನು ನೋಡಿದರು, ಇನ್ನು ಕೆಲವರು ಶಾಲೆಯನ್ನೇ ಒಂದು ಪುಟ್ಟ ರಾಜಕೀಯ ಕಣವೆಂದು ಕಂಡರು. ಜಗಳ ಒಳ್ಳೆಯದು, ಅದನ್ನು ಅಡಗಿಸಬಾರದು ಎಂದು ವಾದಿಸಿದವರೂ ಇದ್ದಾರೆ. ಕರ್ನಾಟಕದ ಶಾಲೆಗಳನ್ನು ಮುಂದಿಟ್ಟುಕೊಂಡು ಈ ಉತ್ತರಗಳನ್ನು ಒಂದೊಂದಾಗಿ ಒರೆಗೆ ಹಚ್ಚುವುದು ಇಲ್ಲಿನ ಉದ್ದೇಶ. ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ. ಶಿಕ್ಷಕರ ಜಗಳಗಳಲ್ಲಿ ದೊಡ್ಡ ಪಾಲು ಶಾಲೆಯ ಹೊರಗೆ, ಆದೇಶಗಳಲ್ಲಿ ಮತ್ತು ನಿಯಮಗಳಲ್ಲಿ ತಯಾರಾಗುತ್ತದೆ. ಅದರ ಹೊರೆಯನ್ನು ಮಾತ್ರ ನಾವು ಒಳಗಿರುವ ಇಬ್ಬರ ಸ್ವಭಾವದ ಮೇಲೆ ಹೊರಿಸುತ್ತೇವೆ.

ಸಹೋದ್ಯೋಗಿ ಬಂದ ಬಗೆ

ಹಿಂದಿನ ಊರಶಾಲೆಯಾದ ಕೂಲಿಮಠದ ಐಗಳಿಗೆ, ಅಂದರೆ ಅಲ್ಲಿನ ಗುರುಗಳಿಗೆ, ಸಹೋದ್ಯೋಗಿ ಇರಲಿಲ್ಲ. ಮಠ ಅವರದು, ಪಾಠ ಅವರದು, ಕೂಲಿ ಕೊಡುವ ಊರಿನ ಜೊತೆಗಷ್ಟೇ ಅವರ ಲೆಕ್ಕಾಚಾರ. 1854ರ ವುಡ್ ಆಜ್ಞಾಪತ್ರದ ನಂತರ ಶಿಕ್ಷಣ ಇಲಾಖೆ, ತನಿಖಾಧಿಕಾರಿ, ಅನುದಾನ, ನಿಗದಿತ ಪಠ್ಯ ಎಲ್ಲವೂ ಬಂದವು. ಶಿಕ್ಷಕ ಊರಿಗೆ ಉತ್ತರ ಕೊಡುವುದು ನಿಂತು, ಮೇಲಿನ ಸಾಹೇಬರಿಗೆ ಉತ್ತರ ಕೊಡುವುದು ಶುರುವಾಯಿತು. ಶಿಕ್ಷಣತಜ್ಞ ಕೃಷ್ಣ ಕುಮಾರ್ ಈ ಸ್ಥಿತಿಯ ಶಿಕ್ಷಕನನ್ನು ‘ದೀನ ಸರ್ವಾಧಿಕಾರಿ’ ಎಂದು ಕರೆದರು. ತರಗತಿಯೊಳಗೆ ಮಕ್ಕಳ ಮೇಲೆ ಪೂರ್ತಿ ಅಧಿಕಾರ, ಬಾಗಿಲು ದಾಟಿದರೆ ಇಲಾಖೆಯ ಕಟ್ಟಕಡೆಯ ನೌಕರ. ಇಂಥ ಇಬ್ಬರು, ಮೂವರು, ಐವರು ಒಂದೇ ಸೂರಿನಡಿ ಸೇರಿದಾಗ ಅವರ ನಡುವಿನ ಸಂಬಂಧ ಹೇಗಿರಬೇಕು ಎಂಬುದನ್ನು ಆ ವ್ಯವಸ್ಥೆ ಯೋಚಿಸಿಯೇ ಇರಲಿಲ್ಲ. ಮೇಲಿನಿಂದ ಕೆಳಕ್ಕೆ ಹೋಗುವ ಗೆರೆಗಳು ಅದರಲ್ಲಿದ್ದವು, ಅಕ್ಕಪಕ್ಕದವರನ್ನು ಜೋಡಿಸುವ ಗೆರೆ ಇರಲಿಲ್ಲ.

1956ರಲ್ಲಿ ರಾಜ್ಯ ಒಂದಾದಾಗ ಇನ್ನೊಂದು ತೊಡಕು ಸೇರಿತು. ಮೈಸೂರು, ಮುಂಬಯಿ, ಹೈದರಾಬಾದ್, ಮದ್ರಾಸ್, ಕೊಡಗು, ಈ ಐದು ಆಡಳಿತಗಳ ಶಿಕ್ಷಕರು ಒಂದೇ ಇಲಾಖೆಗೆ ಬಂದರು. ಬೇರೆ ಬೇರೆ ವೇತನ, ಬೇರೆ ಬೇರೆ ತರಬೇತಿ, ಬೇರೆ ಬೇರೆ ಬಡ್ತಿ ನಿಯಮ. ಜ್ಯೇಷ್ಠತಾ ಪಟ್ಟಿ ಎಂಬುದು ಶಿಕ್ಷಕರ ಬದುಕಿನಲ್ಲಿ ಇಷ್ಟು ದೊಡ್ಡ ವಸ್ತುವಾದದ್ದರ ಹಿಂದೆ ಈ ಸೇವಾ ವಿಲೀನದ ವ್ಯಾಜ್ಯಗಳ ನೆನಪೂ ಇದೆ.

ಹಳ್ಳಿಯ ಶಾಲೆಗೆ ಎರಡನೇ ಶಿಕ್ಷಕರು ಬಂದದ್ದು ಒಂದು ರಾಷ್ಟ್ರೀಯ ಯೋಜನೆಯ ಮೂಲಕ ಎಂಬುದನ್ನು ನಾವು ಮರೆತಿದ್ದೇವೆ. 1986ರ ರಾಷ್ಟ್ರೀಯ ಶಿಕ್ಷಣ ನೀತಿಯ ಬೆನ್ನಿಗೆ 1987ರಲ್ಲಿ ಬಂದ ‘ಆಪರೇಷನ್ ಬ್ಲ್ಯಾಕ್‌ಬೋರ್ಡ್’ ಏಕೋಪಾಧ್ಯಾಯ ಶಾಲೆಗಳಿಗೆ ಇನ್ನೊಬ್ಬ ಶಿಕ್ಷಕರನ್ನು, ಆದಷ್ಟೂ ಮಹಿಳೆಯನ್ನು, ಕೊಡಬೇಕೆಂದಿತು. ಕಪ್ಪುಹಲಗೆ, ಭೂಪಟ, ಆಟಿಕೆಗಳ ಪಟ್ಟಿಯೊಂದಿಗೆ ಸಹೋದ್ಯೋಗಿಯೂ ಸರಬರಾಜಾದರು. ಇಪ್ಪತ್ತು ವರ್ಷ ಒಬ್ಬರೇ ಇದ್ದ ಮೇಷ್ಟ್ರಿಗೂ ಹೊಸದಾಗಿ ಬಂದ ಟೀಚರಿಗೂ ಕೆಲಸ ಹೇಗೆ ಹಂಚಬೇಕು, ಯಾರ ಮಾತು ನಡೆಯಬೇಕು ಎಂಬುದನ್ನು ಮಾತ್ರ ಅವರವರೇ ಬಗೆಹರಿಸಿಕೊಳ್ಳಬೇಕಾಯಿತು.

ನಂತರದ ವರ್ಷಗಳಲ್ಲಿ ಶಾಲೆಗೆ ಕೆಲಸಗಳು ಸುರಿದವು. 2001ರಲ್ಲಿ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ, ಅಂದರೆ ಎಸ್‌ಡಿಎಂಸಿ ಬಂತು. 2002ರಲ್ಲಿ ಈಶಾನ್ಯ ಜಿಲ್ಲೆಗಳಿಂದ ಬಿಸಿಯೂಟದ ಅಕ್ಷರ ದಾಸೋಹ ಶುರುವಾಯಿತು, 2013ರಲ್ಲಿ ಹಾಲು ಕೊಡುವ ಕ್ಷೀರಭಾಗ್ಯ ಸೇರಿತು. ಕಟ್ಟಡ ಕಾಮಗಾರಿ, ಅನುದಾನದ ಲೆಕ್ಕ, ವಿದ್ಯಾರ್ಥಿವೇತನ, ಸಮವಸ್ತ್ರ, ಆನ್‌ಲೈನ್ ಮಾಹಿತಿ ತುಂಬುವುದು ಒಂದರ ಹಿಂದೊಂದು ಬಂದವು. ಇವುಗಳಲ್ಲಿ ಬಹುತೇಕ ಮಕ್ಕಳ ಹಿತಕ್ಕೇ ಬಂದವು, ಅದರಲ್ಲಿ ಎರಡು ಮಾತಿಲ್ಲ. ಆದರೆ ಶಾಲೆ ಒಂದು ಕಚೇರಿಯೂ ಆಗುತ್ತಿದ್ದಾಗ ಪ್ರಾಥಮಿಕ ಶಾಲೆಗೆ ಗುಮಾಸ್ತರು ಬರಲಿಲ್ಲ.

‘ಹೊಂದಾಣಿಕೆ ಇಲ್ಲ’ ಎಂಬ ವಿವರಣೆ

ಕ್ಷೇತ್ರ ಶಿಕ್ಷಣಾಧಿಕಾರಿಯ (ಬಿಇಒ) ಕಚೇರಿಯಲ್ಲಿ ಅತಿ ಹೆಚ್ಚು ಕೇಳಿಬರುವ ವಿವರಣೆ ಇದೇ. ಅವರಿಗೂ ಇವರಿಗೂ ಹೊಂದಾಣಿಕೆ ಇಲ್ಲ. ಒಬ್ಬರಿಗೆ ಅಹಂಕಾರ, ಇನ್ನೊಬ್ಬರಿಗೆ ಮುಂಗೋಪ. ಇದಕ್ಕೆ ಶಾಸ್ತ್ರೀಯ ರೂಪ ಕೊಟ್ಟವರು ಅಮೆರಿಕದ ನಿರ್ವಹಣಾ ಚಿಂತಕರು. 1964ರಲ್ಲಿ ಬ್ಲೇಕ್ ಮತ್ತು ಮೌಟನ್, 1974ರಲ್ಲಿ ಕೆನ್ನೆತ್ ಥಾಮಸ್ ಮತ್ತು ರಾಲ್ಫ್ ಕಿಲ್ಮನ್ ಮನುಷ್ಯ ಜಗಳವನ್ನು ಎದುರಿಸುವ ರೀತಿಗಳನ್ನು ವಿಂಗಡಿಸಿದರು. ಪಟ್ಟು ಹಿಡಿದು ಗೆಲ್ಲುವುದು, ಸೋತು ಬಿಟ್ಟುಕೊಡುವುದು, ಮುಖ ತಪ್ಪಿಸುವುದು, ಅರ್ಧರ್ಧ ಹಂಚಿಕೊಳ್ಳುವುದು, ಇಬ್ಬರೂ ಕೂತು ಹೊಸ ದಾರಿ ಹುಡುಕುವುದು. ನಾಯಕತ್ವ ತರಬೇತಿಗಳ ಕೈಪಿಡಿಗಳಲ್ಲಿ ಇಂದಿಗೂ ಈ ಐದು ಸಿಗುತ್ತವೆ.

ಈ ದೃಷ್ಟಿಗೆ ಬೆಲೆಯಿಲ್ಲ ಎನ್ನಲಾಗದು. ಒಂದೇ ನಿಯಮ, ಒಂದೇ ಕೊರತೆ ಇರುವ ಎರಡು ಶಾಲೆಗಳಲ್ಲಿ ಒಂದು ನಗುನಗುತ್ತ ನಡೆದು ಇನ್ನೊಂದು ರಣರಂಗವಾಗುವುದನ್ನು ನಾವು ನೋಡುತ್ತೇವೆ. ತಾಳ್ಮೆಯ ಮುಖ್ಯ ಗುರುಗಳೊಬ್ಬರು ಇಡೀ ಶಾಲೆಯ ಹವೆಯನ್ನೇ ಬದಲಿಸಬಲ್ಲರು. ನಮ್ಮ ಶಿಕ್ಷಕರಲ್ಲಿ ‘ಮುಖ ತಪ್ಪಿಸುವುದು’ ಯಾಕೆ ಇಷ್ಟು ಹೆಚ್ಚು ಎಂಬುದೂ ಈ ವಿಂಗಡಣೆಯಿಂದ ಸ್ವಲ್ಪ ಅರ್ಥವಾಗುತ್ತದೆ. ಹಿರಿಯರಿಗೆ ಎದುರಾಡಬಾರದೆಂದು ಕಲಿತವರು ಎದುರಾಡುವುದಿಲ್ಲ, ಮಾತು ಬಿಡುತ್ತಾರೆ.

ಅದರ ಸೋಲು ಕಾಣುವುದು ಜನ ಬದಲಾದಾಗ. ಜಗಳವಾಡಿದ ಇಬ್ಬರೂ ವರ್ಗವಾಗಿ ಹೋಗುತ್ತಾರೆ, ಬೇರೆ ಇಬ್ಬರು ಬರುತ್ತಾರೆ, ಎರಡು ವರ್ಷದಲ್ಲಿ ಅದೇ ಬಿಸಿಯೂಟದ ಲೆಕ್ಕದ ಮೇಲೆ ಅದೇ ಜಗಳ ಏಳುತ್ತದೆ. ಆಗ ಸ್ವಭಾವವನ್ನು ದೂರುವುದು ಹೇಗೆ?

ಕುರ್ಚಿ, ಚಾರ್ಜು, ವೃಂದ

ಷಿಕಾಗೊದ ಸಮಾಜಶಾಸ್ತ್ರಜ್ಞ ಡಾನ್ ಲಾರ್ಟಿ 1975ರಲ್ಲಿ ಶಾಲೆಯನ್ನು ಮೊಟ್ಟೆಯ ಟ್ರೇಗೆ ಹೋಲಿಸಿದರು. ಪ್ರತಿ ಶಿಕ್ಷಕರೂ ತಮ್ಮ ಗುಳಿಯಲ್ಲಿ ಬೇರೆಯಾಗಿ ಕೂತಿರುತ್ತಾರೆ. ಪಕ್ಕದವರ ಪಾಠ ಹೇಗಿದೆಯೆಂದು ನೋಡುವುದಿಲ್ಲ, ತಮ್ಮದನ್ನು ನೋಡಲು ಬಿಡುವುದೂ ಇಲ್ಲ. ಪಾಠದ ಬಗ್ಗೆ ಮಾತೇ ಇಲ್ಲದ ಕಡೆ ಮಾತು ನಡೆಯುವುದು ವೇಳಾಪಟ್ಟಿ, ರಜೆ, ಕೋಣೆ, ಕೀಲಿಕೈಗಳ ಬಗ್ಗೆ. ಜಗಳವೂ ಅಲ್ಲೇ ಹುಟ್ಟುತ್ತದೆ.

ಕರ್ನಾಟಕಕ್ಕೆ ಈ ವಿವರಣೆಯನ್ನು ಅನ್ವಯಿಸುವಾಗ ಮೊದಲು ನೋಡಬೇಕಾದದ್ದು ಪ್ರಭಾರ ಮುಖ್ಯ ಶಿಕ್ಷಕರ ಕುರ್ಚಿಯನ್ನು. 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯ ಪ್ರಕಾರ ಒಂದರಿಂದ ಐದನೇ ತರಗತಿಯವರೆಗೆ 150ಕ್ಕಿಂತ ಹೆಚ್ಚು ಮಕ್ಕಳಿದ್ದರೆ ಮಾತ್ರ ಮುಖ್ಯ ಶಿಕ್ಷಕರ ಹುದ್ದೆ, ಆರರಿಂದ ಎಂಟರಲ್ಲಿ 100ಕ್ಕಿಂತ ಹೆಚ್ಚಿದ್ದರೆ ಪೂರ್ಣಕಾಲಿಕ ಮುಖ್ಯ ಶಿಕ್ಷಕರು. ನಮ್ಮ ಹಳ್ಳಿಗಳ ಕಿರಿಯ ಪ್ರಾಥಮಿಕ ಶಾಲೆಗಳಲ್ಲಿ ಬಹುತೇಕ ಈ ಗೆರೆಯ ಕೆಳಗೇ ಉಳಿಯುತ್ತವೆ. ಹಾಗಾಗಿ ಇರುವವರಲ್ಲೇ ಹಿರಿಯರಿಗೆ ಚಾರ್ಜು. ಅವರಿಗೆ ತಮ್ಮ ತರಗತಿಯ ಪಾಠ ತಪ್ಪಿದ್ದಲ್ಲ. ಬಿಸಿಯೂಟದ ಅಕ್ಕಿ ಬೇಳೆಯ ದಾಸ್ತಾನು ವಹಿ, ಬ್ಯಾಂಕ್ ಖಾತೆ, ಎಸ್‌ಡಿಎಂಸಿ ಸಭೆ, ಮೇಲಿನಿಂದ ವಾಟ್ಸಾಪಿನಲ್ಲಿ ಬರುವ ‘ಇಂದೇ ಮಾಹಿತಿ ಸಲ್ಲಿಸಿ’ ಎಂಬ ಸಂದೇಶ, ಎಲ್ಲದಕ್ಕೂ ಜವಾಬ್ದಾರಿ ಅವರದು. ಲೆಕ್ಕ ತಪ್ಪಿದರೆ ನೋಟಿಸು ಬರುವುದು ಅವರಿಗೆ. ಸಹ ಶಿಕ್ಷಕರಿಗೆ ಕೆಲಸ ಹೇಳುವ ಅಧಿಕಾರ ಎಷ್ಟಿದೆ? ತಡವಾಗಿ ಬಂದವರನ್ನು ಕೇಳಿದರೆ ‘ನೀವೂ ನನ್ನ ಹಾಗೇ ಸಹ ಶಿಕ್ಷಕರಲ್ಲವೇ’ ಎಂಬ ಉತ್ತರ ಬರುತ್ತದೆ. ಅಧಿಕಾರವಿಲ್ಲದ ಹೊಣೆ ಯಾವ ಸೌಮ್ಯ ಮನುಷ್ಯನನ್ನಾದರೂ ಸಿಡುಕನನ್ನಾಗಿ ಮಾಡುತ್ತದೆ. ಇದನ್ನು ನಾನು ಶಿಕ್ಷಕರ ಸಂಘರ್ಷದ ಮುಖ್ಯ ಕಾರಣಗಳಲ್ಲಿ ಮೊದಲನೆಯದೆಂದು ಎಣಿಸುತ್ತೇನೆ.

ಎರಡನೆಯದು ವೃಂದದ ಗೊಂದಲ. ಮೊದಲು ಪ್ರಾಥಮಿಕ ಶಿಕ್ಷಕರನ್ನು ನೇಮಿಸಿಕೊಂಡದ್ದು ಒಂದರಿಂದ ಏಳನೇ ತರಗತಿಯವರೆಗೆ ಕಲಿಸಲು. 2017ರ ವೃಂದ ಮತ್ತು ನೇಮಕಾತಿ ನಿಯಮಗಳು ಅವರನ್ನು ಒಂದರಿಂದ ಐದಕ್ಕೆ ಸೀಮಿತಗೊಳಿಸಿ, ಆರರಿಂದ ಎಂಟಕ್ಕೆ ‘ಪದವೀಧರ ಪ್ರಾಥಮಿಕ ಶಿಕ್ಷಕ’ ಎಂಬ ಬೇರೆ ವೃಂದ ಮಾಡಿದವು. ಹಳಬರಲ್ಲಿ ಎಷ್ಟೋ ಜನ ಸೇವೆಯಲ್ಲಿದ್ದುಕೊಂಡೇ ಬಿ.ಎ., ಬಿ.ಎಸ್ಸಿ., ಬಿ.ಎಡ್. ಮುಗಿಸಿದವರು, ವರ್ಷಗಟ್ಟಲೆ ಏಳನೇ ತರಗತಿಗೆ ಗಣಿತ ಹೇಳಿದವರು. 2022ರಲ್ಲಿ 15,000 ಪದವೀಧರ ಪ್ರಾಥಮಿಕ ಶಿಕ್ಷಕರ ನೇಮಕಾತಿಗೆ ಅಧಿಸೂಚನೆ ಬಂತು. ಹೊಸಬರು ಶಾಲೆಗೆ ಬಂದಾಗ ಹಳಬರ ಮಗನ ವಯಸ್ಸಿನವರು ಮೇಲಿನ ವೃಂದದಲ್ಲಿ, ಹಳಬರು ಕೆಳಗೆ. ತಮಗೆ ವಿಲೀನ, ಜ್ಯೇಷ್ಠತೆ, ಬಡ್ತಿ ಬೇಕೆಂದು ಪ್ರಾಥಮಿಕ ಶಿಕ್ಷಕರು 2024ರಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಸೇರಿದ್ದು ಸುದ್ದಿಯಾಯಿತು. ಅದೇ ವಿವಾದ ದಿನದಿನವೂ ಶಾಲೆಯೊಳಗೆ ನಡೆಯುವುದು ಸುದ್ದಿಯಾಗುವುದಿಲ್ಲ. ಏಳನೇ ತರಗತಿ ಯಾರಿಗೆ, ಚಾರ್ಜು ಯಾರಿಗೆ, ಆರನೆಯವರ ಗಣಿತ ಹಳೆಯ ಸರ್‌ ತೆಗೆದುಕೊಳ್ಳಬೇಕೋ ಬೇಡವೋ, ಹೀಗೆ ಕೆಲಸದ ಪ್ರಶ್ನೆಯೊಂದು ಮಾನದ ಪ್ರಶ್ನೆಯಾಗುತ್ತದೆ. ಹೊಸದಾಗಿ ಬಂದ ಯುವಕನದೂ ತಪ್ಪಿಲ್ಲ. ಅವನು ಪರೀಕ್ಷೆ ಬರೆದು ನಿಯಮದಂತೆ ಬಂದವನು.

ಇನ್ನೂ ಗೆರೆಗಳಿವೆ. 2006ರ ಏಪ್ರಿಲ್ 1ಕ್ಕೆ ಮೊದಲು ಸೇರಿದವರಿಗೆ ಹಳೆಯ ಪಿಂಚಣಿ, ನಂತರದವರಿಗೆ ಹೊಸ ಪಿಂಚಣಿ ಪದ್ಧತಿಯಾದ ಎನ್‌ಪಿಎಸ್. ಇವರೆಲ್ಲರ ಕೆಳಗೆ ಅತಿಥಿ ಶಿಕ್ಷಕರು. ಖಾಯಂ ಶಿಕ್ಷಕರ ಸಂಬಳದ ಒಂದು ಸಣ್ಣ ಭಾಗದಷ್ಟು ಗೌರವಧನಕ್ಕೆ ಅದೇ ತರಗತಿ, ಅದೇ ಪಾಠ. ನೇಮಕ ಆ ಶೈಕ್ಷಣಿಕ ವರ್ಷಕ್ಕಷ್ಟೇ. ಅವರು ಜಗಳವಾಡುವುದಿಲ್ಲ, ಆಡುವ ಸ್ಥಿತಿಯಲ್ಲಿಲ್ಲ. ಅವರ ಮೌನವನ್ನು ಹೊಂದಾಣಿಕೆಯೆಂದು ಎಣಿಸುವ ಶಾಲೆಗಳ ಬಗ್ಗೆ ನನಗೆ ಬೇಸರವಿದೆ.

ಹೊರಗಿನ ಕೆಲಸದ ಹಂಚಿಕೆಯೂ ಇಲ್ಲೇ ಸೇರಬೇಕು. ಜನಗಣತಿ, ವಿಪತ್ತು ಪರಿಹಾರ, ಚುನಾವಣೆ ಬಿಟ್ಟು ಬೇರೆ ಶೈಕ್ಷಣಿಕೇತರ ಕೆಲಸಕ್ಕೆ ಶಿಕ್ಷಕರನ್ನು ಹಚ್ಚಬಾರದೆಂದು ಶಿಕ್ಷಣ ಹಕ್ಕು ಕಾಯ್ದೆಯ 27ನೇ ಕಲಂ ಹೇಳುತ್ತದೆ. ಆದರೂ ಮತಗಟ್ಟೆ ಅಧಿಕಾರಿಯ ಕೆಲಸ ವರ್ಷವಿಡೀ ಉಳಿಯುತ್ತದೆ. 2025ರ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಗೆ ಶಿಕ್ಷಕರೇ ಮನೆಮನೆ ಹತ್ತಿದರು, ಅದಕ್ಕಾಗಿ ದಸರಾ ರಜೆಯನ್ನು ಅಕ್ಟೋಬರ್ 18ರವರೆಗೆ ವಿಸ್ತರಿಸಬೇಕಾಯಿತು. ಐವರಲ್ಲಿ ಇಬ್ಬರು ಹೋದರೆ ಉಳಿದ ಮೂವರಿಗೆ ಏಳು ತರಗತಿ. ಅನಾರೋಗ್ಯದ ಕಾರಣ ಹೇಳಿ ಹೆಸರು ತೆಗೆಸಿಕೊಂಡವರ ಮೇಲೆ ಹೋದವರ ಸಿಟ್ಟು ವರ್ಷಗಟ್ಟಲೆ ಆರುವುದಿಲ್ಲ.

ಅಧಿಕಾರದ ಕಣ

ರಚನೆಯ ವಿವರಣೆಗೂ ಸಿಗದ ಒಂದು ಸಂಗತಿ ಇದೆ. ನಿಯಮ ಎಲ್ಲರಿಗೂ ಒಂದೇ ಆದರೂ ಕೆಲವರಿಗೆ ಮಾತ್ರ ಅದು ಬಾಗುತ್ತದೆ. ಬ್ರಿಟನ್ನಿನ ಎರಿಕ್ ಹಾಯ್ಲ್ 1982ರಲ್ಲಿ, ಸ್ಟೀಫನ್ ಬಾಲ್ 1987ರಲ್ಲಿ ಶಾಲೆಯ ‘ಸೂಕ್ಷ್ಮ ರಾಜಕಾರಣ’ವನ್ನು ವಿವರಿಸಿದರು. ಇವರ ಪ್ರಕಾರ ಶಾಲೆಯಲ್ಲಿ ಗುಂಪುಗಳಿರುತ್ತವೆ, ಗುಂಪುಗಳಿಗೆ ಹಿತಾಸಕ್ತಿಗಳಿರುತ್ತವೆ, ವೇಳಾಪಟ್ಟಿಯೂ ಒಂದು ಅಧಿಕಾರ ಹಂಚಿಕೆಯೇ. ಸಂಘರ್ಷ ಎಂಬುದು ಶಾಲೆ ಕೆಟ್ಟಾಗ ಬರುವ ರೋಗ ಎಂದು ಇವರು ಒಪ್ಪುವುದಿಲ್ಲ, ಅದು ಶಾಲೆಯ ದಿನಚರಿಯಲ್ಲೇ ಇದೆ ಎನ್ನುತ್ತಾರೆ. ಇವರಿಗೂ ಮೊದಲು, 1932ರಲ್ಲೇ, ಅಮೆರಿಕದ ವಿಲ್ಲರ್ಡ್ ವಾಲರ್ ಶಾಲೆಯನ್ನು ಯಾವ ಗಳಿಗೆಯಲ್ಲಾದರೂ ವಾಲಬಹುದಾದ ಸಮತೋಲನದ ಸಂಸ್ಥೆಯೆಂದು ಬಣ್ಣಿಸಿದ್ದರು.

ನಮ್ಮಲ್ಲಿ ಈ ಗುಂಪುಗಳಿಗೆ ಜಾತಿಯ ಹೆಸರಿದೆ, ತಾಲ್ಲೂಕಿನ ಹೆಸರಿದೆ, ಸಂಘದ ಬಣಗಳ ಹೆಸರಿದೆ. ಸ್ಥಳೀಯ ನಾಯಕರ ಜೊತೆ ಓಡಾಡುವ ಶಿಕ್ಷಕರನ್ನು ಪ್ರಶ್ನಿಸಲು ಪ್ರಭಾರ ಮುಖ್ಯ ಶಿಕ್ಷಕರು ಮಾತ್ರವಲ್ಲ, ಬಿಇಒ ಕೂಡ ಹಿಂದೆಮುಂದೆ ನೋಡಬೇಕಾಗುತ್ತದೆ. ತಾರಾ ಬೆಟೆಲ್ ಅವರು ಕರ್ನಾಟಕದಂಥ ರಾಜ್ಯಗಳ ಶಿಕ್ಷಕರ ವರ್ಗಾವಣೆ ಮತ್ತು ಪೋಷಕ ರಾಜಕಾರಣದ ನಂಟನ್ನು 2009ರ ತಮ್ಮ ಸಂಶೋಧನೆಯಲ್ಲಿ ಪರಿಶೀಲಿಸಿದರು. ಈ ನಂಟನ್ನು ಕಡಿಯಲೆಂದೇ ಕರ್ನಾಟಕ 2007ರಲ್ಲಿ ಶಿಕ್ಷಕರ ವರ್ಗಾವಣೆ ನಿಯಂತ್ರಣ ಕಾಯ್ದೆ ತಂದಿತು, 2020ರಲ್ಲಿ ಅದರ ಜಾಗಕ್ಕೆ ಹೊಸ ಕಾಯ್ದೆ ಬಂತು. ಗಣಕೀಕೃತ ಕೌನ್ಸೆಲಿಂಗ್ ಬಂದ ಮೇಲೆ ಶಿಫಾರಸು ಪತ್ರದ ಬಲ ಕುಗ್ಗಿತು. ಇದು ಈ ರಾಜ್ಯದ ನಿಜವಾದ ಸಾಧನೆಗಳಲ್ಲಿ ಒಂದು.

ಜಾತಿಯ ಪ್ರಶ್ನೆ ಬಡ್ತಿಯ ಮೂಲಕವೂ ಶಾಲೆಗೆ ಬಂತು. ಬಡ್ತಿ ಮೀಸಲಾತಿಯಲ್ಲಿ ಮೇಲೇರಿದವರ ಜ್ಯೇಷ್ಠತೆಯನ್ನು ಕಾಯುವ 2002ರ ಕಾಯ್ದೆಯನ್ನು ಸುಪ್ರೀಂ ಕೋರ್ಟ್ 2017ರ ಬಿ.ಕೆ. ಪವಿತ್ರ ಪ್ರಕರಣದಲ್ಲಿ ರದ್ದುಪಡಿಸಿತು. ರಾಜ್ಯ ಹೊಸ ಕಾಯ್ದೆ ತಂದಿತು, 2019ರಲ್ಲಿ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. ಈ ನಡುವೆ ಎಲ್ಲ ಇಲಾಖೆಗಳಲ್ಲೂ ಜ್ಯೇಷ್ಠತಾ ಪಟ್ಟಿಗಳು ಮೇಲೆಕೆಳಗಾದವು. ಕೋರ್ಟಿನಲ್ಲಿ ಅದು ಸಂವಿಧಾನದ ಚರ್ಚೆ. ಸ್ಟಾಫ್ ರೂಮಿನಲ್ಲಿ ದಲಿತ ಶಿಕ್ಷಕರೊಬ್ಬರು ತಮ್ಮ ಅರ್ಹತೆಯನ್ನು ಮತ್ತೆ ಮತ್ತೆ ಸಾಬೀತು ಮಾಡಬೇಕಾದ ದಿನನಿತ್ಯದ ಹಿಂಸೆ. ಅದನ್ನು ‘ಹೊಂದಾಣಿಕೆ ಸಮಸ್ಯೆ’ ಎಂದು ಬರೆದುಕೊಳ್ಳುವುದು ಅನ್ಯಾಯ. ಹೆಣ್ಣುಮಕ್ಕಳ ಮಾತೂ ಹೀಗೆಯೇ. ಚಾರ್ಜು ವಹಿಸಿಕೊಂಡ ಶಿಕ್ಷಕಿಯ ಆದೇಶವನ್ನು ಪಾಲಿಸಲು ಹಿಂಜರಿಯುವವರು, ಅದೇ ಆದೇಶ ಗಂಡಸಿನಿಂದ ಬಂದರೆ ತುಟಿ ಬಿಚ್ಚುವುದಿಲ್ಲ.

ಜಗಳ ಬೇಕು ಎನ್ನುವವರು

ಇಲ್ಲಿಯವರೆಗಿನ ಮೂರೂ ಪಂಥಗಳು ಸಂಘರ್ಷ ಯಾಕೆ ಬರುತ್ತದೆ ಎಂದು ಕೇಳಿದವು. ಮೇರಿ ಪಾರ್ಕರ್ ಫಾಲೆಟ್ 1925ರಲ್ಲೇ ಬೇರೆ ಪ್ರಶ್ನೆ ಕೇಳಿದ್ದರು: ಅದನ್ನು ಕೆಲಸಕ್ಕೆ ಹಚ್ಚುವುದು ಹೇಗೆ? ಅವರು ಹೇಳುವ ಒಂದು ಪ್ರಸಂಗ ಹಾಲಿನ ಡೇರಿಯದು. ಗುಡ್ಡದ ಮೇಲಿನಿಂದ ಬರುವ ಹಾಲಿನವರಿಗೂ ಕೆಳಗಿನಿಂದ ಬರುವವರಿಗೂ ಯಾರ ಕ್ಯಾನು ಮೊದಲು ಇಳಿಸಬೇಕೆಂದು ಜಗಳ, ಸಹಕಾರ ಸಂಘವೇ ಒಡೆಯುವಷ್ಟು. ಹೊರಗಿನಿಂದ ಬಂದವರೊಬ್ಬರು ಹಾಲು ಇಳಿಸುವ ಕಟ್ಟೆಯ ಜಾಗ ಬದಲಿಸಿ ಎಂದರು. ಇಬ್ಬರೂ ಏಕಕಾಲಕ್ಕೆ ಇಳಿಸತೊಡಗಿದರು. ಯಾರೂ ಸೋಲಲಿಲ್ಲ, ಯಾರೂ ಅರ್ಧಕ್ಕೆ ಒಪ್ಪಲೂ ಇಲ್ಲ. ಒಬ್ಬರು ಗೆಲ್ಲುವುದು ಮತ್ತು ಇಬ್ಬರೂ ಸ್ವಲ್ಪ ಸ್ವಲ್ಪ ಬಿಟ್ಟುಕೊಡುವುದು, ಈ ಎರಡಕ್ಕಿಂತ ಮೇಲಾದ ಮೂರನೇ ದಾರಿಯನ್ನು ಫಾಲೆಟ್ ಸಮನ್ವಯ ಎಂದರು. ಮೂವತ್ತು ವರ್ಷದ ನಂತರ ಲೂಯಿಸ್ ಕೋಸರ್ ಸಂಘರ್ಷ ಗುಂಪನ್ನು ಗಟ್ಟಿಗೊಳಿಸಲೂಬಹುದು ಎಂದು ತೋರಿಸಿದರು.

ಕ್ಯಾರನ್ ಜೆನ್ 1995ರಲ್ಲಿ ಒಂದು ಸರಕು ಸಾಗಣೆ ಕಂಪನಿಯ ತಂಡಗಳನ್ನು ಅಭ್ಯಾಸ ಮಾಡಿ ಕೆಲಸದ ಬಗೆಗಿನ ಭಿನ್ನಾಭಿಪ್ರಾಯವನ್ನೂ ವೈಯಕ್ತಿಕ ಮನಸ್ತಾಪವನ್ನೂ ಬೇರೆ ಮಾಡಿದರು. ಎರಡನೆಯದು ಯಾವಾಗಲೂ ಕೆಡುಕು. ಮೊದಲನೆಯದು ಏಕತಾನದ ಕೆಲಸದಲ್ಲಿ ಕೆಡುಕು, ಪ್ರತಿ ಸಲ ಹೊಸದಾಗಿ ಯೋಚಿಸಬೇಕಾದ ಕೆಲಸದಲ್ಲಿ ಉಪಕಾರಿ. ಆದರೆ 2003ರಲ್ಲಿ ಡಿ ಡ್ರೂ ಮತ್ತು ವೈನ್‌ಗಾರ್ಟ್ ಹಲವಾರು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ ಎರಡು ಬಗೆಯ ಸಂಘರ್ಷವೂ ತಂಡದ ಸಾಧನೆಯನ್ನು ಕುಗ್ಗಿಸುತ್ತಿದ್ದುದು ಕಂಡಿತು. ಕೆಲಸದ ಜಗಳ ಬಹುಬೇಗ ಮನಸ್ಸಿನ ಜಗಳವಾಗಿ ತಿರುಗುತ್ತದೆ ಎಂಬುದು ಒಂದು ಕಾರಣ. ಈ ಚರ್ಚೆ ಇನ್ನೂ ನಡೆದಿದೆ. ನಮ್ಮ ಮಟ್ಟಿಗೆ ಅದರೊಳಗಿನ ಪ್ರಶ್ನೆ ಇದು: ಪಾಠ ಹೇಳುವುದು ಏಕತಾನದ ಕೆಲಸವೋ, ಹೊಸದಾಗಿ ಯೋಚಿಸಬೇಕಾದ ಕೆಲಸವೋ? ಇಲಾಖೆ ಅದನ್ನು ಮೊದಲನೆಯದೆಂದು ನಡೆಸಿಕೊಳ್ಳುವವರೆಗೆ ಪಾಠದ ಬಗೆಗಿನ ಭಿನ್ನಮತ ತಲೆಹರಟೆಯಾಗಿಯೇ ಕಾಣುತ್ತದೆ.

ಒಂದರಿಂದ ಮೂರನೇ ತರಗತಿಯ ಮಕ್ಕಳನ್ನು ಒಟ್ಟಿಗೆ ಕೂರಿಸಿ ಕಾರ್ಡುಗಳ ಮೂಲಕ ಕಲಿಸುವ ನಲಿ ಕಲಿಯ ಕಥೆಯನ್ನು ಇಲ್ಲಿ ನೆನೆಯಬೇಕು. 1995ರಲ್ಲಿ ಎಚ್.ಡಿ. ಕೋಟೆ ತಾಲ್ಲೂಕಿನ ಶಿಕ್ಷಕರು ಯುನಿಸೆಫ್ ನೆರವಿನಿಂದ ರಿಷಿ ವ್ಯಾಲಿಗೆ ಹೋಗಿ ನೋಡಿಬಂದರು. ತಾವೇ ಕೂತು ಕಲಿಕಾ ಕಾರ್ಡುಗಳನ್ನು ತಯಾರಿಸಿದರು, ತರಗತಿಯಲ್ಲಿ ಬಳಸಿ ನೋಡಿ ತಿದ್ದಿದರು. ಅಲ್ಲಿ ವಾದವಿತ್ತು, ವಾದಕ್ಕೆ ಒಂದು ವಸ್ತುವಿತ್ತು, ವಾದ ಮುಗಿದ ಮೇಲೆ ಕೈಯಲ್ಲಿ ಒಂದು ಕಾರ್ಡು ಇರುತ್ತಿತ್ತು. 2009-10ರಲ್ಲಿ ಅದೇ ಪದ್ಧತಿ ಆದೇಶವಾಗಿ ರಾಜ್ಯದ ಎಲ್ಲ ಸರ್ಕಾರಿ ಶಾಲೆಗಳಿಗೂ ಹೋಯಿತು. ಆಗ ವಾದದ ಜಾಗಕ್ಕೆ ದೂರು ಬಂತು. ‘ನಲಿ ಕಲಿ ಮುಗಿಸಿ ಬಂದ ಮಕ್ಕಳಿಗೆ ಓದಲು ಬರುವುದಿಲ್ಲ’ ಎಂದು ನಾಲ್ಕನೇ ತರಗತಿಯ ಶಿಕ್ಷಕರು, ‘ಮೂರು ತರಗತಿ ನನ್ನೊಬ್ಬಳ ಕೊರಳಿಗೆ ಕಟ್ಟಿದ್ದೀರಿ’ ಎಂದು ನಲಿ ಕಲಿ ಶಿಕ್ಷಕಿ. ಇಬ್ಬರೂ ಹೇಳುತ್ತಿರುವುದು ಮಕ್ಕಳ ಓದಿನ ಬಗ್ಗೆಯೇ, ಆದರೆ ಅದನ್ನು ಒಟ್ಟಿಗೆ ಕೂತು ಮಾತಾಡುವ ಜಾಗ ಶಾಲೆಯಲ್ಲಿಲ್ಲ. ಹೀಗೆ ಮೇಲಿನ ಆದೇಶದಿಂದ ಹೇರಿದ ಒಡನಾಟಕ್ಕೇ ಆಂಡಿ ಹಾರ್‌ಗ್ರೀವ್ಸ್ ‘ಕೃತಕ ಸಹಭಾಗಿತ್ವ’ ಎಂದು ಹೆಸರಿಟ್ಟದ್ದು. ಕ್ಲಸ್ಟರಿನ ಸಮಾಲೋಚನಾ ಸಭೆಯನ್ನು ಈ ಚರ್ಚೆಗಾಗಿಯೇ ರೂಪಿಸಿದ್ದರು. ಎಷ್ಟೋ ಕಡೆ ಅದು ಸುತ್ತೋಲೆ ಓದುವ ಸಭೆಯಾಗಿ ಉಳಿದಿದೆ.

ಭಿನ್ನಮತಕ್ಕೆ ಜಾಗ ಕೊಟ್ಟರೆ ನೆಮ್ಮದಿ ಸಿಗುತ್ತದೆಂದು ಭಾವಿಸಬಾರದು. ಬೆಟ್ಟಿ ಅಚಿನ್‌ಸ್ಟೀನ್ 2002ರಲ್ಲಿ ಅಮೆರಿಕದ ಎರಡು ಶಾಲೆಗಳನ್ನು ಹೋಲಿಸಿದರು. ಒಂದು ಶಾಲೆ ಭಿನ್ನ ದನಿಗಳನ್ನು ಹೊರಗಿಟ್ಟು ಒಗ್ಗಟ್ಟು ಕಾಯ್ದುಕೊಂಡಿತು. ಇನ್ನೊಂದು ಅವನ್ನು ಒಳಗೆ ಬಿಟ್ಟುಕೊಂಡಿತು. ಎರಡನೆಯದರಲ್ಲಿ ಕಲಿಕೆ, ಬದಲಾವಣೆಗೆ ಅವಕಾಶ ಹೆಚ್ಚು, ಶಿಕ್ಷಕರ ಆಯಾಸವೂ ಹೆಚ್ಚು.

ನಂಬಿಕೆ ಎಂಬ ನಡುದಾರಿ

ಆಂಟನಿ ಬ್ರೈಕ್ ಮತ್ತು ಬಾರ್ಬರಾ ಷ್ನೈಡರ್ ಷಿಕಾಗೊದ ಪ್ರಾಥಮಿಕ ಶಾಲೆಗಳನ್ನು 1990ರ ದಶಕವಿಡೀ ಹಿಂಬಾಲಿಸಿ 2002ರಲ್ಲಿ ಪುಸ್ತಕ ಬರೆದರು. ಶಿಕ್ಷಕರ ನಡುವೆ, ಶಿಕ್ಷಕರು ಮತ್ತು ಮುಖ್ಯಸ್ಥರ ನಡುವೆ, ಪಾಲಕರ ಜೊತೆ ನಂಬಿಕೆ ಗಟ್ಟಿಯಿದ್ದ ಶಾಲೆಗಳಲ್ಲಿ ಮಕ್ಕಳ ಓದು ಮತ್ತು ಗಣಿತ ಸುಧಾರಿಸುವ ಸಾಧ್ಯತೆ ಎರಡರಲ್ಲಿ ಒಂದು, ನಂಬಿಕೆ ಇಲ್ಲದ ಕಡೆ ಏಳರಲ್ಲಿ ಒಂದು. ಶಿಕ್ಷಕರ ಮನಸ್ತಾಪ ಮಕ್ಕಳಿಗೆ ಎಷ್ಟು ದುಬಾರಿ ಎಂಬುದನ್ನು ಇಷ್ಟು ನೇರವಾಗಿ ಹೇಳಿದ ಅಧ್ಯಯನಗಳು ಕಡಿಮೆ. ಅವರ ಇನ್ನೊಂದು ಮಾತು, ಸಣ್ಣ ಶಾಲೆಗಳಲ್ಲಿ ನಂಬಿಕೆ ಬೆಳೆಯುವುದು ಸುಲಭ. ಅವರ ಲೆಕ್ಕದಲ್ಲಿ ಸಣ್ಣ ಶಾಲೆಯೆಂದರೆ 350 ಮಕ್ಕಳದು. ನಮ್ಮ ಸಣ್ಣ ಶಾಲೆಯಲ್ಲಿ ಇಪ್ಪತ್ತೈದು ಮಕ್ಕಳು, ಇಬ್ಬರು ಶಿಕ್ಷಕರು. ಆ ಇಬ್ಬರು ಮಾತು ಬಿಟ್ಟರೆ ನಡುವೆ ನಿಲ್ಲಲು ಮೂರನೆಯವರಿಲ್ಲ.

ರಾಜಿ, ನೋಟಿಸು, ವರ್ಗ, ಕೋರ್ಟು

ಈಗ ನಿರ್ವಹಣೆಯ ಮಾತು. ಹೆಚ್ಚಿನ ಜಗಳಗಳು ರಾಜಿಯಲ್ಲೇ ಮುಗಿಯುತ್ತವೆ. ಹಿರಿಯ ಶಿಕ್ಷಕರೊಬ್ಬರು, ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ ಅಂದರೆ ಸಿಆರ್‌ಪಿ, ಸಂಘದ ಪದಾಧಿಕಾರಿ ಅಥವಾ ಎಸ್‌ಡಿಎಂಸಿ ಅಧ್ಯಕ್ಷರು ಇಬ್ಬರನ್ನೂ ಕೂರಿಸಿ, ಚಹಾ ಕುಡಿಸಿ, ‘ಮಕ್ಕಳ ಮುಖ ನೋಡಿ ಬಿಟ್ಟುಬಿಡಿ’ ಎನ್ನುತ್ತಾರೆ. ಇದನ್ನು ಹಗುರವಾಗಿ ಕಾಣಬಾರದು. ವೇಗವಾಗಿ, ಖರ್ಚಿಲ್ಲದೆ, ಯಾರ ಸೇವಾ ಪುಸ್ತಕಕ್ಕೂ ಕಲೆ ಹತ್ತದೆ ಕೆಲಸ ಆಗುತ್ತದೆ. ಅದರ ದೋಷವೆಂದರೆ ಬಿಟ್ಟುಕೊಡುವವರು ಯಾವಾಗಲೂ ಕಿರಿಯರು, ಹೆಂಗಸರು, ಬೆನ್ನಿಗೆ ಜನವಿಲ್ಲದವರು. ಸಿಆರ್‌ಪಿಗೆ ಅಧಿಕಾರವಿಲ್ಲ, ಅವರೂ ಶಿಕ್ಷಕ ವೃಂದದವರೇ. ಅದು ಅವರ ದೌರ್ಬಲ್ಯವೂ ಹೌದು, ಶಿಕ್ಷಕರು ಅವರೆದುರು ಮನಸ್ಸು ಬಿಚ್ಚಲು ಕಾರಣವೂ ಹೌದು.

ರಾಜಿ ಮುರಿದರೆ ಶಿಸ್ತಿನ ದಾರಿ. 1957ರ ಸಿಸಿಎ (ವರ್ಗೀಕರಣ, ನಿಯಂತ್ರಣ ಮತ್ತು ಮೇಲ್ಮನವಿ) ನಿಯಮಗಳಡಿ ನೋಟಿಸು, ಅಮಾನತು, ದೋಷಾರೋಪಣಾ ಪಟ್ಟಿ, ಇಲಾಖಾ ವಿಚಾರಣೆ. ನಡತೆಗೆ 2021ರ ಹೊಸ ನಿಯಮಗಳಿವೆ. ಹಣ ದುರುಪಯೋಗಕ್ಕೆ, ಹಲ್ಲೆಗೆ ಇವು ಬೇಕೇ ಬೇಕು. ಆದರೆ ಈ ಪ್ರಕ್ರಿಯೆ ಕೇಳುವುದು ಒಂದೇ ಪ್ರಶ್ನೆ: ತಪ್ಪಿತಸ್ಥರು ಯಾರು? ಇಬ್ಬರ ನಡುವೆ ಏನು ಕೆಟ್ಟಿದೆ ಎಂದು ಕೇಳುವ ಕಾಲಂ ಅದರಲ್ಲಿಲ್ಲ. ಆದೇಶವನ್ನು ಪ್ರಶ್ನಿಸಬೇಕೆಂದರೆ 1986ರಲ್ಲಿ ಸ್ಥಾಪನೆಯಾದ ಕರ್ನಾಟಕ ಆಡಳಿತ ನ್ಯಾಯಮಂಡಳಿ ಇದೆ. ವಿಚಾರಣೆ ಎಳೆಯುತ್ತ ಹೋದಷ್ಟೂ ಶಾಲೆಯಲ್ಲಿ ಸಾಕ್ಷಿ ಹೇಳಿದವರು, ಹೇಳದವರು ಎಂಬ ಹೊಸ ಬಣಗಳು ಹುಟ್ಟುತ್ತವೆ.

ಬೇರೆಡೆಗೆ ಕಳಿಸುವುದು ಅಧಿಕಾರಿಗಳ ಹಳೆಯ ಔಷಧ. ವರ್ಗಾವಣೆ ಕಾಯ್ದೆ ಬಂದ ಮೇಲೆ ಇಷ್ಟಬಂದಾಗ ವರ್ಗ ಮಾಡಲಾಗದು, ಹೀಗಾಗಿ ತಾತ್ಕಾಲಿಕ ನಿಯೋಜನೆಯ ಮೊರೆ ಹೋಗುತ್ತಾರೆ. ಜಗಳ ಆ ಶಾಲೆಯಿಂದ ಹೋಗುತ್ತದೆ, ಜೊತೆಗೆ ಆ ಶಾಲೆಯ ಗಣಿತವೂ ಹೋಗುತ್ತದೆ. ಯಾಕೆಂದರೆ ಹುದ್ದೆ ಅಲ್ಲೇ ಭರ್ತಿಯಾಗಿರುವಂತೆ ಕಡತ ತೋರಿಸುತ್ತಿರುತ್ತದೆ.

ಖಾಸಗಿ ಶಾಲೆಯವರ ಪಾಡು ಬೇರೆ. ಶಿಕ್ಷಕರು ಕೈಗಾರಿಕಾ ವಿವಾದ ಕಾಯ್ದೆಯ ಅರ್ಥದಲ್ಲಿ ‘ಕಾರ್ಮಿಕ’ರಲ್ಲ ಎಂದು ಸುಪ್ರೀಂ ಕೋರ್ಟ್ 1988ರಲ್ಲಿ ಸುಂದರಾಂಬಾಳ್ ಪ್ರಕರಣದಲ್ಲಿ ತೀರ್ಪಿತ್ತಿತು. ಕಾರ್ಮಿಕ ನ್ಯಾಯಾಲಯದ ಬಾಗಿಲು ಹಾಗೆ ಮುಚ್ಚಿತು. ಕರ್ನಾಟಕದಲ್ಲಿ 1983ರ ಶಿಕ್ಷಣ ಕಾಯ್ದೆ ವಿಚಾರಣೆಯಿಲ್ಲದೆ ವಜಾ ಮಾಡುವುದನ್ನು ತಡೆಯುತ್ತದೆ, ಶಿಕ್ಷಣ ಮೇಲ್ಮನವಿ ನ್ಯಾಯಮಂಡಳಿಯ ದಾರಿ ತೋರಿಸುತ್ತದೆ. ಈ ಕಾಯ್ದೆ ಜಾರಿಗೆ ಬಂದದ್ದು 1995ರಲ್ಲಿ. ಆದರೆ ನೇಮಕ ಪತ್ರವೇ ಇಲ್ಲದ ಶಿಕ್ಷಕಿ ಯಾವ ಕಾಗದ ಹಿಡಿದು ಅಲ್ಲಿಗೆ ಹೋಗಬೇಕು?

ಲೈಂಗಿಕ ಕಿರುಕುಳವನ್ನು ಮಾತ್ರ ಯಾರೂ ರಾಜಿ ಪಂಚಾಯಿತಿಗೆ ತರಬಾರದು. 2013ರ ಕಾಯ್ದೆಯಂತೆ ಹತ್ತು ಅಥವಾ ಹೆಚ್ಚು ನೌಕರರಿದ್ದಲ್ಲಿ ಆಂತರಿಕ ಸಮಿತಿ ಇರಬೇಕು, ಅದಕ್ಕಿಂತ ಸಣ್ಣ ಶಾಲೆಗಳಿಗೆ ಜಿಲ್ಲೆಯ ಸ್ಥಳೀಯ ಸಮಿತಿ. ಸಂಧಾನ ನಡೆಯಬೇಕಾದರೂ ಅದನ್ನು ನೊಂದ ಮಹಿಳೆಯೇ ಕೇಳಬೇಕು, ಹಣ ಅದರ ಆಧಾರವಾಗಕೂಡದು. ಮೂವರು ಶಿಕ್ಷಕರ ಹಳ್ಳಿ ಶಾಲೆಯ ಗೋಡೆಯ ಮೇಲೆ ಈ ಜಿಲ್ಲಾ ಸಮಿತಿಯ ವಿಳಾಸ ಬರೆದಿರಬೇಕು.

ತೀರದ ಪ್ರಶ್ನೆಗಳು

ಮುಖ್ಯ ಶಿಕ್ಷಕರನ್ನು ಜ್ಯೇಷ್ಠತೆಯಿಂದ ಆರಿಸಬೇಕೋ, ಆ ಕೆಲಸಕ್ಕೇ ಪರೀಕ್ಷೆ ಮತ್ತು ತರಬೇತಿ ಕೊಟ್ಟು ಆರಿಸಬೇಕೋ ಎಂಬ ವಾದ ಮುಗಿದಿಲ್ಲ. ಜ್ಯೇಷ್ಠತೆ ಪಕ್ಷಪಾತವನ್ನು ತಡೆಯುತ್ತದೆ ಎಂಬುದು ಸಂಘಗಳ ನಂಬಿಕೆ, ಅದಕ್ಕೆ ಇತಿಹಾಸದ ಆಧಾರವಿದೆ. ಆದರೆ ಹಿರಿತನ ಜನರನ್ನು ನಡೆಸುವ ಕಲೆಯನ್ನು ತಾನಾಗಿ ತಂದುಕೊಡುವುದಿಲ್ಲ.

ಸಾಧನೆಗೆ ತಕ್ಕ ಬಹುಮಾನ ಶಿಕ್ಷಕರನ್ನು ಒಡೆಯುತ್ತದೆಯೇ? ಕಾರ್ತಿಕ್ ಮುರಳೀಧರನ್ ಮತ್ತು ವೆಂಕಟೇಶ್ ಸುಂದರರಾಮನ್ ಆಂಧ್ರಪ್ರದೇಶದಲ್ಲಿ ನಡೆಸಿದ ಪ್ರಯೋಗದಲ್ಲಿ ಮೊದಲ ವರ್ಷ ಇಡೀ ಶಾಲೆಗೆ ಕೊಟ್ಟ ಬಹುಮಾನವೂ ಒಬ್ಬೊಬ್ಬರಿಗೆ ಕೊಟ್ಟದ್ದೂ ಹೆಚ್ಚುಕಡಿಮೆ ಸಮನಾಗಿ ಕೆಲಸ ಮಾಡಿದವು. ಎರಡನೇ ವರ್ಷ ಒಬ್ಬೊಬ್ಬರಿಗೆ ಕೊಟ್ಟದ್ದು ಮುಂದೆ ಹೋಯಿತು. ಅಳೆದದ್ದು ಮಕ್ಕಳ ಅಂಕಗಳನ್ನು. ಐದು, ಹತ್ತು ವರ್ಷ ಅದು ನಡೆದರೆ ಸ್ಟಾಫ್ ರೂಮಿನಲ್ಲಿ ಏನಾಗುತ್ತದೆ ಎಂಬುದನ್ನು ಎರಡು ವರ್ಷದ ಅಂಕಗಳಿಂದ ಹೇಳಲಾಗದು.

ಶಾಲೆಯ ಗಾತ್ರದ ಪ್ರಶ್ನೆ ಎಲ್ಲಕ್ಕಿಂತ ಕಠಿಣ. 2016-17ರಲ್ಲಿ ದೇಶದಲ್ಲಿ 1,08,017 ಏಕೋಪಾಧ್ಯಾಯ ಶಾಲೆಗಳಿದ್ದವೆಂದು 2020ರ ಶಿಕ್ಷಣ ನೀತಿಯೇ ಹೇಳುತ್ತದೆ. ಒಂಟಿತನಕ್ಕೆ ಅದು ಸೂಚಿಸುವ ಪರಿಹಾರ ಶಾಲಾ ಸಂಕೀರ್ಣ, 1964-66ರ ಕೊಠಾರಿ ಆಯೋಗ ಹೇಳಿದ ಅದೇ ಮಾತು. ಹತ್ತು ಶಾಲೆಗಳ ಶಿಕ್ಷಕರು ಒಂದು ತಂಡವಾದರೆ ಇಬ್ಬರ ಮುನಿಸಿಗೆ ಮೂರನೆಯವರು ಸಿಗುತ್ತಾರೆ. ಆದರೆ ಸಂಕೀರ್ಣದ ನೆಪದಲ್ಲಿ ಹಳ್ಳಿಯ ಶಾಲೆ ಮುಚ್ಚಿದರೆ ನಡೆದು ಹೋಗಬೇಕಾದವರು ಮಕ್ಕಳು, ಅದರಲ್ಲೂ ಹೆಣ್ಣುಮಕ್ಕಳು. ಇವೆರಡನ್ನೂ ತೂಗಿ ನೋಡಿದ ಒಂದು ನಿರ್ಧಾರ ಇನ್ನೂ ಬಂದಿಲ್ಲ.

ಕೊನೆಯದು ಅತಿಥಿ ಶಿಕ್ಷಕರದು. ಶಾಲೆಯ ಶಿಕ್ಷಕರ ಸಭೆಯಲ್ಲಿ ವೇಳಾಪಟ್ಟಿ, ಕೆಲಸ ಹಂಚಿಕೆ ತೀರ್ಮಾನವಾಗುವಾಗ ಅವರ ಮಾತಿಗೆ ಖಾಯಂ ಶಿಕ್ಷಕರ ಮಾತಿನಷ್ಟೇ ಬೆಲೆ ಇದೆಯೇ, ಅವರು ಆಕ್ಷೇಪಿಸಿದರೆ ಅದು ನಡಾವಳಿ ಪುಸ್ತಕದಲ್ಲಿ ದಾಖಲಾಗಬೇಕೇ, ಆಕ್ಷೇಪಿಸಿದವರನ್ನು ಮುಂದಿನ ಜೂನ್‌ನಲ್ಲಿ ಮತ್ತೆ ತೆಗೆದುಕೊಳ್ಳದಿದ್ದರೆ ಅವರು ಯಾರನ್ನು ಕೇಳಬೇಕು ಎಂಬುದನ್ನು ಬರವಣಿಗೆಯಲ್ಲಿ ಇತ್ಯರ್ಥ ಮಾಡಬೇಕಾದದ್ದು ಇಲಾಖೆಯ ಕೆಲಸ.